ಕೈ ನಿಲ್ಲಿಸಿದ ಮಾತು

ಯಲಬುರ್ಗಾ
18 ಡಿಸೆಂಬರ್ 2024, ಬುಧವಾರ

ಮಾತಿನ ಮಲ್ಲರಿಗೆ,

ತವರಿನಲ್ಲಿ ಕೂತಿರುವ ನಿಮ್ಮ ಮನೆಯವಳ ನಮಸ್ಕಾರಗಳು. ನಾನು ಆರಾಮ ಇದ್ದೇನೆ. ನೀವೂ ಆರಾಮ ಇದ್ದೀರಿ ಎಂದು ಕೇಳಿದೆ. ಬೇಕಾದ್ದಕ್ಕಿಂತ ತುಸು ಜಾಸ್ತಿಯೇ ಆರಾಮ ಇದ್ದೀರಿ ಎಂದೂ ಕೇಳಿದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ನಾನು ಫೋನು ಯಾಕೆ ಎತ್ತುವುದಿಲ್ಲ ಎಂದು ನನ್ನ ತಮ್ಮ ಗವಿಸಿದ್ದೇಶನನ್ನು ಕೇಳಿದಿರಂತೆ. ಎತ್ತಿದರೆ ನೀವು "ಶರಣೂ" ಎನ್ನುತ್ತೀರಿ, ಆ ದನಿಗೆ ನಾನು "ಹೂಂರೀ" ಎನ್ನುತ್ತೇನೆ, ಅಲ್ಲಿಗೆ ನನ್ನ ಸಿಟ್ಟಿನ ಕಥೆ ಮುಗಿಯುತ್ತದೆ. ತುಂಬಿದ ಸಭೆಯನ್ನೇ ಅಲುಗಾಡದಂತೆ ಕೂರಿಸುವ ದನಿಗೆ ನಾನೊಬ್ಬಳು ಯಾವ ಲೆಕ್ಕ? ಕಾಗದದಲ್ಲಿ ನಿಮ್ಮ ದನಿ ಇರುವುದಿಲ್ಲ. ಇಲ್ಲಿ ನಾನು ಹೇಳಬೇಕು, ನೀವು ಕೇಳಬೇಕು.

ಕೊಪ್ಪಳದಲ್ಲಿ ನಿಮಗೆ ಸನ್ಮಾನ ಆದ ದಿನ ನಾನು ಹೊಸ ಇಳಕಲ್ ಸೀರೆ ಉಟ್ಟು ಮುಂದೆಯೇ ಕೂತಿದ್ದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ನಿರೂಪಣೆ ಮಾಡುತ್ತಿದ್ದವರು ಮೈಕು ಹಿಡಿದು, "ಶಾಂತಕುಮಾರ ಮಾಸ್ತರ, ನಿಮ್ಮ ಭಾಷಣ ಮಂದಿ ಎದಿಗೆ ಹೆಂಗ ನಾಟತೈತ್ರಿ? ಗುಟ್ಟರೆ ಏನು ಹೇಳ್ರಿ" ಎಂದರು. ಈಗ ನನ್ನ ಹೆಸರು ಬರುತ್ತದೆ ಎಂದುಕೊಂಡೆ. ಎಲ್ಲಿ ಎದ್ದು ನಿಲ್ಲು ಎನ್ನುತ್ತೀರೋ ಎಂದು ಸೆರಗು ಸರಿಮಾಡಿಕೊಂಡೆ. ನೀವು ನಕ್ಕು, "ಏನಿಲ್ರಿ, ದಿನಾ ಕನ್ನಡಿ ಮುಂದ ನಿಂತು ಅಭ್ಯಾಸ ಮಾಡ್ತೀನ್ರಿ" ಎಂದಿರಿ.

ಕನ್ನಡಿ! ನಮ್ಮ ಮನೆಯಲ್ಲಿರುವುದು ನೀವು ಗಡ್ಡ ಹೆರೆದುಕೊಳ್ಳುವ ಅಂಗೈಯಗಲದ ಕನ್ನಡಿ. ಅದರ ಮುಂದೆ ನಿಂತರೆ ನಿಮ್ಮ ಅರ್ಧ ಮೀಸೆ ಕಾಣುತ್ತದೆ, ಅಷ್ಟೇ. ಸಭೆ ಚಪ್ಪಾಳೆ ತಟ್ಟುತ್ತಿರುವಾಗಲೇ ನಾನು ಎದ್ದು ಸೀದಾ ಬಸ್ ಸ್ಟ್ಯಾಂಡಿಗೆ ಹೋಗಿ ಯಲಬುರ್ಗಾ ಬಸ್ಸು ಹತ್ತಿದೆ. ಹೆಂಡತಿ ಯಾಕೆ ಹೋದಳು ಎಂದು ನಿಮಗೆ ಇನ್ನೂ ತಿಳಿದಿಲ್ಲವಂತೆ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಮರೆತಿದ್ದರೆ ನೆನಪು ಮಾಡಿಕೊಡುತ್ತೇನೆ. ಸಂಜೆ ನಾನು ಜೋಳದ ರೊಟ್ಟಿಗೆ ಕೂತರೆ ನೀವು ಪಡಸಾಲೆಯಲ್ಲಿ ಅಡ್ಡಾಡುತ್ತ ಭಾಷಣ ಹೇಳುತ್ತಿದ್ದಿರಿ. ಅಡುಗೆಮನೆ ನಿಮ್ಮ ಎಡಕ್ಕೆ. ಅಲ್ಲಿಂದ ನನ್ನ ಮುಖ ಕಾಣುತ್ತಿರಲಿಲ್ಲ, ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಕೇಳುತ್ತಿತ್ತು. ಸಪ್ಪಳ ನಡೆದೇ ಇದ್ದರೆ ಆ ಮಾತನ್ನು ಹೊಡೆದು ಹಾಕುತ್ತಿದ್ದಿರಿ. ನನಗೇ ಗೊತ್ತಿಲ್ಲದೆ ನನ್ನ ಕೈ ನಿಂತಿತೋ, "ಇದು ಇರ್ಲಿ" ಎಂದು ಪೆನ್ನು ತೆಗೆಯುತ್ತಿದ್ದಿರಿ. ಹೆಂಚಿನ ಮೇಲಿನ ರೊಟ್ಟಿ ಅಷ್ಟರಲ್ಲಿ ಕರ್ರಗಾಗಿರುತ್ತಿತ್ತು. ಅದನ್ನು ತಿನ್ನುತ್ತಿದ್ದವಳು ನಾನು.

ಕುಷ್ಟಗಿಯ ಭಾಷಣ ನೆನಪಿದೆಯೇ? ಹೆಣ್ಣುಮಕ್ಕಳ ಓದಿನ ಬಗ್ಗೆ "ಸ್ತ್ರೀ ಶಿಕ್ಷಣವೇ ರಾಷ್ಟ್ರದ ಅಡಿಗಲ್ಲು" ಎಂದು ಶುರು ಮಾಡಿದಿರಿ. ನನ್ನ ಕೈ ನಡೆದೇ ಇತ್ತು. ಅಂಕಿ ಸಂಖ್ಯೆ ಹೇಳಿದಿರಿ, ಶ್ಲೋಕ ಹೇಳಿದಿರಿ, ಆಗಲೂ ನಡೆದಿತ್ತು. ಬೇಸತ್ತು ಹೊಸ್ತಿಲ ಮೇಲೆ ಕೂತು, ನಿಮ್ಮ ಅವ್ವ ಔಷಧದ ಬಾಟಲಿ ಸೆರಗಿನಲ್ಲಿ ಮುಚ್ಚಿಕೊಂಡು ಅದರ ಮೇಲಿನ ಚೀಟಿ ಓದಿಸಲಿಕ್ಕೆ ಪಕ್ಕದ ಮನೆಗೆ ಹೋಗುತ್ತಿದ್ದರೆಂದೂ, ಅಲ್ಲಿ ಯಾರೂ ಇಲ್ಲದ ದಿನ ಔಷಧ ತಗೊಳ್ಳದೆ ಮಲಗುತ್ತಿದ್ದರೆಂದೂ ಹೇಳಿದಿರಿ. ಕೈ ನಿಂತಿತು. ಮರುದಿನ ಕುಷ್ಟಗಿಯಲ್ಲಿ ಅದನ್ನೇ ಹೇಳಿದಿರಿ. ಸಾಲಿ ಬಿಡಿಸಿದ್ದ ಮಗಳನ್ನು ಹನುಮಂತಪ್ಪ ಎಂಬ ರೈತ ತಾನೇ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಮತ್ತೆ ಸಾಲಿಗೆ ಬಿಟ್ಟುಬಂದ.

ಜನ ನಿಮ್ಮ ಕಂಠ ಹೊಗಳುತ್ತಾರೆ, ನೆನಪಿನ ಶಕ್ತಿ ಹೊಗಳುತ್ತಾರೆ. ಕಂಠ ಹರಾಜು ಕೂಗುವವನಿಗೂ ಇರುತ್ತದೆ. ನೀವು ದೊಡ್ಡವರಾಗುವುದು ಮಾತು ಬಿಟ್ಟುಕೊಟ್ಟಾಗ. ಒಂದು ಮಾತು ಆಡಿ, ಅದು ಎದುರಿನವರ ಹೊಟ್ಟೆಗೆ ಇಳಿಯುವ ತನಕ ಸುಮ್ಮನೆ ನಿಲ್ಲುತ್ತೀರಿ. ನಾನು ಹೆಚ್ಚು, ನೀವು ಕಡಿಮೆ ಎಂಬ ಧಾಟಿ ಇರುವುದಿಲ್ಲ. ಹೀಗಾಗಿ ಕೇಳಿದವರಿಗೆ ಅದು ತಮ್ಮದೇ ಮಾತು ಅನಿಸುತ್ತದೆ. ಎಲ್ಲಿ ನಿಲ್ಲಬೇಕೆಂದು ಕಲಿತದ್ದು ಮಾತ್ರ ನನ್ನ ಕೈಯಿಂದ. ಹೌದು, ನನಗೆ ಹೊಟ್ಟೆಕಿಚ್ಚು. ನಿಮಗೆ ಬೀಳುವ ಚಪ್ಪಾಳೆಗಲ್ಲ, ಕನ್ನಡಿಯ ಪಾಲಿಗೆ ಹೋದ ಚಪ್ಪಾಳೆಗೆ.

ಈಗ ಆರಾಮದ ಮಾತು. ಹೋದ ವಾರ ನಮ್ಮ ಗೋಡೆಯಾಚೆಯ ಕಾಸೀಮಬೀ ಅಕ್ಕ ಫೋನು ಮಾಡಿದ್ದಳು. ಯೋಗಕ್ಷೇಮ ಎಲ್ಲ ಕೇಳಿ, "ಮಾಸ್ತರು ಉಪವಾಸ ಇಲ್ಲ ಬಿಡವ್ವ. ದಿನಾ ಸಂಜಿಕಿ ನಿಮ್ಮ ಮನ್ಯಾಗ ರೊಟ್ಟಿ ಬಡಿಯೋ ಸಪ್ಪಳ ಬರ್ತೈತಿ. ಅವರು ಭಾಷಣ ಮಾಡ್ಕೋಂತ ಅಡ್ಡಾಡ್ತಿರ್ತಾರ" ಎಂದಳು. ಯಾರು ಎಂದು ಕೇಳಲು ಮರ್ಯಾದೆ ಅಡ್ಡ ಬಂತು, ಫೋನು ಇಟ್ಟುಬಿಟ್ಟೆ.

ಬೇರೆ ಹೆಂಗಸು ಬಂದು ಕಸ ಗುಡಿಸಲಿ, ಬಟ್ಟೆ ಒಗೆಯಲಿ, ಸಾರಿಗೆ ಒಗ್ಗರಣೆ ಹಾಕಲಿ, ನನ್ನದೇನೂ ಅಡ್ಡಿಯಿಲ್ಲ. ಆದರೆ ನೀವು ಮಾತಾಡುವಾಗ ರೊಟ್ಟಿ ಬಡಿಯುವ ಕೈ ಯಾರದು? ನಿಮ್ಮ ಸಾಲಿಗೆ ಹೊಸದಾಗಿ ಬಂದಿರುವ ವಿರೂಪಾಕ್ಷಮ್ಮ ಟೀಚರದೋ? "ಸರ್, ನಿಮ್ಮ ಮಾತು ಕೇಳಿದ್ರ ಹಸಿವು ನೀರಡಿಕಿ ಮರೀತೈತ್ರಿ" ಎಂದವಳು ಆಕೆಯೇ ಅಲ್ಲವೇ? ಆಕೆಯ ಕೈ ಯಾವ ಮಾತಿಗೆ ನಿಂತಿತು? ನಿಂತಾಗ ನೀವು "ಇದು ಇರ್ಲಿ" ಎಂದಿರೇನು? ನನಗೆ ನಿದ್ದೆ ಇಲ್ಲ. ಇಲ್ಲಿ ನಮ್ಮ ಅವ್ವ ಬೇರೆ ಹಂಗಿಸುತ್ತಾಳೆ, "ಏನವ್ವಾ, ಕೊಪ್ಪಳದಾಗ ದಿನಾ ಒಂದಿಲ್ಲೊಂದು ರೊಟ್ಟಿ ಸುಡತಿತ್ತು ಅಂತಿದ್ದಿ. ಇಲ್ಲಿ ಒಂದೂ ಸುಡವಲ್ದು" ಎಂದು. ಏನು ಹೇಳಲಿ ಆಕೆಗೆ?

ಭಾನುವಾರ ಗಂಗಾವತಿಯಲ್ಲಿ ನೀವು ಮಾಡಿದ ಭಾಷಣವನ್ನು ಗವಿಸಿದ್ದೇಶ ಮೊಬೈಲಿನಲ್ಲಿ ತೋರಿಸಿದ. ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಜಾಗ ಕೊಡಿ ಎಂದು ಅಕ್ಕಿ ಗಿರಣಿಯ ಸಾಹುಕಾರರನ್ನು ಒಲಿಸುವ ಭಾಷಣ. ಎಂಥ ಭಾಷಣರೀ ಅದು! ಇಟಗಿಯ ದೇವಾಲಯದಿಂದ ಶುರುವಾಗಿ ಹೇಮಗುಡ್ಡ ಹತ್ತಿ ಇಳಿದು, ಅಂಕಿ ಸಂಖ್ಯೆ, ಶ್ಲೋಕ, ಸುಭಾಷಿತ, ಸಂತೆಯ ಸಾಮಾನಿನ ಹಾಗೆ ಎಲ್ಲ ಇತ್ತು. ನಿಮ್ಮ ಅವ್ವನ ಔಷಧದ ಬಾಟಲಿ ಮಾತ್ರ ಇರಲಿಲ್ಲ. ಹಿಂದಿನ ಸಾಲಿನ ಹೆಂಗಸು ಆಕಳಿಸಿ, "ಇನ್ನ ಎಷ್ಟೊತ್ತು ಐತೆವ್ವಾ" ಎಂದಳು. ಸಾಹುಕಾರರು ಮರ್ಯಾದೆಗೆ ಚಪ್ಪಾಳೆ ತಟ್ಟಿ ಊಟಕ್ಕೆ ಎದ್ದರು. ಜಾಗದ ಮಾತು ಯಾರೂ ಎತ್ತಲಿಲ್ಲ.

ನನಗೆ ಒಳಗೊಳಗೇ ಖುಷಿಯಾಯಿತು. ಆ ಹೊಸ ಕೈಗೆ ಏನೂ ತಿಳಿಯುವುದಿಲ್ಲ ಎಂದು ಖುಷಿ. ಆಮೇಲೆ ಹಾಸ್ಟೆಲ್ಲಿಲ್ಲದೆ ಸಾಲಿ ಬಿಡುವ ಹುಡುಗಿಯರು ನೆನಪಾಗಿ ನನ್ನ ಮೇಲೆಯೇ ಬೇಸರವಾಯಿತು. ನಡುವೆ ಒಂದು ಕಡೆ ನೀವು ಮಾತು ನಿಲ್ಲಿಸಿ ಎಡಕ್ಕೆ ತಿರುಗಿದಿರಿ. ನೀರು ಬೇಕಾಗಿದೆ ಎಂದು ಜನ ತಿಳಿದರು. ನೀರಿನ ಗ್ಲಾಸು ನಿಮ್ಮ ಬಲಕ್ಕಿತ್ತು.

ನನ್ನದು ಒಂದೇ ಪ್ರಶ್ನೆ. ಆ ಕೈ ಯಾರದು, ಬರೆದು ತಿಳಿಸಿ. ನನ್ನ ಜಾಗ ಬೇರೆಯವರಿಗೆ ಕೊಟ್ಟಿದ್ದರೆ ನಾನು ಕೊಪ್ಪಳಕ್ಕೆ ಬರುವುದಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನೀವು ಎರಡನ್ನೂ ಬಲ್ಲವರು. ನೋಡೋಣ, ಏನು ಬರೆಯುತ್ತೀರಿ ಎಂದು.

ಇಂತಿ,
ನಿಮ್ಮ ಕನ್ನಡಿ,
ಶರಣಬಸಮ್ಮ

ತಾ.ಕ.: ಲಕೋಟೆ ಅಂಟಿಸಬೇಕು ಎನ್ನುವಷ್ಟರಲ್ಲಿ ಕಾಸೀಮಬೀ ಅಕ್ಕನ ಫೋನು ಮತ್ತೆ ಬಂತು. ಮರ್ಯಾದೆ ಬಿಟ್ಟು ಕೇಳಿಯೇಬಿಟ್ಟೆ. "ಅಯ್ಯ, ನಮ್ಮ ಹಿಂದಿನ ಓಣಿ ಸಣ್ಣವ್ವ ಅಲ್ಲೇನವ್ವಾ!" ಎಂದು ನಕ್ಕಳು. ಸಣ್ಣವ್ವ! ಎರಡೂ ಕಿವಿ ಕೇಳದ ಮುದುಕಿ! ಇಡೀ ಓಣಿಗೆ ಗೊತ್ತಿರುವುದು ನಿಮಗೊಬ್ಬರಿಗೆ ಗೊತ್ತಿಲ್ಲ. ಪಕ್ಕದಲ್ಲಿ ಪಟಾಕಿ ಹೊಡೆದರೂ ಆಕೆಯ ಕೈ ನಿಲ್ಲುವುದಿಲ್ಲ. ಅವ್ವನ ಬಾಟಲಿಯ ಮಾತಿಗೂ ನಿಂತಿರಲಿಕ್ಕಿಲ್ಲ. ಅದಕ್ಕೇ ಅದನ್ನೂ ಹೊಡೆದು ಹಾಕಿ, ಯಾವುದು ಛಲೋ ಯಾವುದು ಅಲ್ಲ ತಿಳಿಯದೆ ಕಂಡದ್ದೆಲ್ಲ ತುಂಬಿಕೊಂಡು ಗಂಗಾವತಿಗೆ ಹೋಗಿದ್ದೀರಿ. ನಕ್ಕೂ ನಕ್ಕೂ ಕೊನೆಗೆ ಅತ್ತುಬಿಟ್ಟೆರೀ.

ಬರುವ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಜೋಳ ಬೀಸಿಸಿಡಿ. ಸಾಹುಕಾರರಿಗೆ ಇನ್ನೊಂದು ಸಲ ಸಭೆ ಸೇರಿಸಲು ಹೇಳಿ.

ಮತ್ತೆ, ಆ ವಿಡಿಯೊದಲ್ಲಿ ಹಿಂದಿನ ಸಾಲು ಕಾಣುವುದೇ ಇಲ್ಲ. ನಾನು ಗಂಗಾವತಿಗೆ ಬಂದು ಅಲ್ಲೇ ಕೂತಿದ್ದೆ, ಕಣ್ಣಿನ ತನಕ ಸೆರಗು ಎಳೆದುಕೊಂಡು. ನೀವು ಮಾತಾಡುವಷ್ಟು ಹೊತ್ತೂ ನನ್ನ ಕೈ ತನ್ನಷ್ಟಕ್ಕೆ ತೊಡೆಯ ಮೇಲೆ ರೊಟ್ಟಿ ಬಡಿಯುತ್ತಿತ್ತು. ನೀವು ಎಡಕ್ಕೆ ತಿರುಗಿದಾಗ ನಿಂತಿತು.