ಮೂರನೇ ನಂಬರಿನ ಏಣಿ ಆಟ

ಮನೆಯಿಂದ,
ಜೂನ್ 14, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆ,

ನಿಮ್ಮ ಸೊಸೆಯ ನಮಸ್ಕಾರಗಳು. ಮಂಡಿ ನೋವು ಹೇಗಿದೆ? ನಾದಿನಿಯ ಮನೆಯಲ್ಲಿ ಮೆಟ್ಟಿಲು ಜಾಸ್ತಿ, ದಿನಕ್ಕೆ ಹತ್ತು ಸಲ ಹತ್ತಿ ಇಳಿದು ಶೌರ್ಯ ತೋರಿಸಬೇಡಿ. ಮಾತ್ರೆ ಮರೆಯದೆ ನುಂಗುತ್ತಿದ್ದೀರಿ ತಾನೆ? ಫೋನಿನಲ್ಲಿ ಕೇಳಿದರೆ "ಎಲ್ಲಾ ಚೆನ್ನಾಗಿದೆಯಮ್ಮ" ಎಂದು ಒಂದೇ ಉಸಿರಿಗೆ ಹೇಳಿ ಫೋನನ್ನು ಮಗಳ ಕೈಗೆ ದಾಟಿಸಿಬಿಡುತ್ತೀರಿ. ಅದಕ್ಕೇ ಕಾಗದ ಬರೆಯಲು ಕೂತಿದ್ದೇನೆ. ನಾಲ್ಕು ದಿನ ಇದ್ದು ಬರುತ್ತೇನೆ ಎಂದು ಹೋದವರು ನೀವು, ಇವತ್ತಿಗೆ ಒಂಬತ್ತು ವಾರ. ಇನ್ನು ಬರುವುದೇ ಇಲ್ಲವೇನೋ ಎಂಬ ಭಯ ನನಗೆ ಹತ್ತಿಕೊಂಡಿದೆ. ನಿಮ್ಮನ್ನು ವಾಪಸು ಕರೆಯುವುದು ಬಿಟ್ಟರೆ ಈ ಕಾಗದಕ್ಕೆ ಬೇರೆ ಉದ್ದೇಶವೇ ಇಲ್ಲ. ಆದರೂ ಮನೆಯ ಸುದ್ದಿ ನಿಮಗೆ ಹೇಳದೆ ನನಗೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ.

ಸುದ್ದಿ ಏನೆಂದರೆ, ನಾವು ಮನೆಯಲ್ಲೇ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದೇವೆ. ಗಾಬರಿಯಾಗಬೇಡಿ, ಗಿರಾಕಿಗಳು ನಾವೇ ಮೂವರು. ನಿಮ್ಮ ಮಗ ಯಾವುದೋ ಆಫೀಸಿನ ಮೇಜು ರಿಪೇರಿ ಮಾಡಲು ಹೋದಾಗ ಅಲ್ಲಿ ಮೂಲೆಗೆ ಬಿದ್ದಿದ್ದ ಕಂಪ್ಯೂಟರೊಂದನ್ನು ಕೇಳಿ ತಂದರು. ಅದನ್ನು ಕಂಡದ್ದೇ ನಿಮ್ಮ ಮೊಮ್ಮಗಳು ಗಿಲಕಿ, "ಅಜ್ಜಿ ಕೆಲಸ ಮಾಡ್ತಿದ್ದ ವಿಡಿಯೋ ಗೇಮ್ ಅಂಗಡೀಲಿ ಎಂಥ ಆಟ ಇತ್ತಪ್ಪಾ?" ಎಂದು ಗಂಟುಬಿದ್ದಳು. ಚಿಕ್ಕವರಿದ್ದಾಗ ನಿಮ್ಮ ಕೌಂಟರಿನ ಕೆಳಗೆ ಕೂತು ಹೋಂವರ್ಕ್ ಬರೆಯುತ್ತಿದ್ದ ಈ ಮಹಾಶಯರಿಗೂ ಅದೆಲ್ಲ ನೆನಪಾಗಿ ಉತ್ಸಾಹ ಉಕ್ಕಿಬಂತು. ಎಮ್ಯುಲೇಟರ್ ಎಂಬುದೊಂದು ಇದೆಯಂತೆ. ನಾಣ್ಯ ಹಾಕಿ ಆಡುತ್ತಿದ್ದ ಆ ಕಾಲದ ದೊಡ್ಡ ಮಷೀನೇ ತಾನು ಎಂದು ಈ ಕಂಪ್ಯೂಟರನ್ನು ನಂಬಿಸುವ ಪ್ರೋಗ್ರಾಂ. ಆಟಗಳನ್ನು ಮಾಡಿದವರೇ ಕೆಲವನ್ನು ಈಗ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ, ಅದರಲ್ಲಿ ನಿಮ್ಮ ಅಂಗಡಿಯ ಏಣಿ ಆಟವೂ ಸಿಕ್ಕಿತು. ಬೆಂಕಿ ಬಿದ್ದ ಕಟ್ಟಡಕ್ಕೆ ಏಣಿ ಹಾಕಿ ಬೆಕ್ಕುಗಳನ್ನು ಇಳಿಸುವ ಪುಟ್ಟ ಮನುಷ್ಯ, ನಿಮಗೆ ನೆನಪಿರಬೇಕು.

ನಿಮ್ಮ ಮಗ ಪ್ಲೈವುಡ್ಡಿನಲ್ಲಿ ಚೊಕ್ಕವಾದ ಪೆಟ್ಟಿಗೆ ಮಾಡಿ, ಮೇಲೆ ಜಾಯ್‌ಸ್ಟಿಕ್ಕು, ಬಣ್ಣಬಣ್ಣದ ಗುಂಡಿಗಳನ್ನು ಕೂರಿಸಿದರು. ಮರದ ಕೆಲಸಕ್ಕೆ ಹೆಸರಿಡುವ ಹಾಗಿಲ್ಲ. ವೈರು ಮಾತ್ರ ತಿರುಗುಮುರುಗು. ಮೇಲೆ ತಳ್ಳಿದರೆ ಮನುಷ್ಯ ಕೆಳಗೆ ಇಳಿಯುತ್ತಿದ್ದ. ಅದನ್ನು ಸರಿಮಾಡಿ ಟಿ.ವಿ.ಗೆ ಜೋಡಿಸಿದರೆ ಇಡೀ ಕಟ್ಟಡ ಅಡ್ಡ ಮಲಗಿದೆ! "ಹಳೇ ಆಟ ಕಣೇ, ಹೀಗೇ ಇರೋದು" ಎಂದು ಅವರು ಅಪ್ಪಣೆ ಕೊಡಿಸಿದರು. ನಾನೂ ನಂಬಿದೆ ನೋಡಿ, ನನ್ನ ಬುದ್ಧಿಗಿಷ್ಟು! ಮೂರು ದಿನ ಹಾಗೆಯೇ ಆಡಿದೆವು. ಗಿಲಕಿ ಸೋಫಾದ ಮೇಲೆ ಮಗ್ಗುಲಾಗಿ ಮಲಗಿ ಆಡಿದಳು, ಇವರು ಕತ್ತು ಓರೆ ಮಾಡಿಕೊಂಡು ಆಡಿದರು. ನಾಲ್ಕನೆಯ ದಿನ ಕತ್ತು ನೆಟ್ಟಗಾಗದೆ ಮುಲಾಮು ಹಚ್ಚಿಸಿಕೊಂಡು ಕೆಲಸಕ್ಕೆ ಹೋದರು. ನಕ್ಕು ನಕ್ಕು ನನಗೆ ಹೊಟ್ಟೆ ಹುಣ್ಣಾಯಿತು.

ನಮಗೆ ದಾರಿ ತೋರಿಸಿದ್ದು ನಿಮ್ಮ ಪುಸ್ತಕ. ಟ್ರಂಕು ತೆಗೆದವರು ನಿಮ್ಮ ಮಗ, ನಾನಲ್ಲ, ಬೈಯುವುದಿದ್ದರೆ ಅವರನ್ನು ಬೈಯಿರಿ. ಅಂಗಡಿಯ ಫೋಟೋ ಏನಾದರೂ ಇದೆಯೇ ಎಂದು ಹುಡುಕಿದರೆ ಸೀರೆಗಳ ಅಡಿಯಲ್ಲಿ ಆ ಉದ್ದನೆಯ ನೋಟ್‌ಬುಕ್ಕು ಸಿಕ್ಕಿತು. ಪ್ರತಿ ಮಷೀನಿನ ಕಾಯಿಲೆ ಕಸಾಲೆಯನ್ನೂ ನೀವು ಮಗುವಿನದೆಂಬಂತೆ ಬರೆದಿಟ್ಟಿದ್ದೀರಿ. "ಮೂರನೇ ನಂಬರು, ಏಣಿ ಆಟ. ಇದರ ಟಿ.ವಿ. ಉದ್ದುದ್ದ ನಿಲ್ಲಿಸಿ ಕೂರಿಸಿರೋದು. ರಿಪೇರಿಯವನು ಮರೆತು ಅಡ್ಡ ಕೂರಿಸ್ತಾನೆ, ಪಕ್ಕದಲ್ಲೇ ನಿಂತು ನೋಡ್ಕೋಬೇಕು." ನಿಂತು ನೋಡಿಕೊಳ್ಳಲು ನೀವಿಲ್ಲದೆ ಇಲ್ಲಿಯೂ ಅದೇ ಆಯಿತು. ಈಗ ಟಿ.ವಿ.ಯನ್ನು ಎತ್ತಿ ಉದ್ದಕ್ಕೆ ನಿಲ್ಲಿಸಿ ಎರಡು ಕಡೆ ಹಲಗೆ ಕೊಟ್ಟಿದ್ದಾರೆ. ಕಟ್ಟಡ ನೆಟ್ಟಗೆ ನಿಂತಿದೆ.

ಅದು ಹಾಗಿರಲಿ ಅತ್ತೆ. ಅದೇ ಪುಸ್ತಕದಲ್ಲಿ ಬೆಳಗಿನ ಟಿಪ್ಪಣಿಗಳಿವೆಯಲ್ಲ! "ಎಂಟು ಗಂಟೆ. ಷಟರ್ ಎತ್ತೋಕೆ ಮುಂಚೆ ನೋಡಿದೆ. ಎರಡನೇ ಗುಂಡಿ ಅಂಟುತ್ತೆ. ಏಳನೇ ಮಹಡಿವರೆಗೂ ಹೋದೆ, ಬಾಕಿ ಎಲ್ಲ ಸರಿ." ಏಳನೇ ಮಹಡಿ! ದಿನವಿಡೀ ಲ್ಯಾಬಿನಲ್ಲಿ ಕಟ್ಟುಹಲ್ಲು ಜೋಡಿಸುವ ನನ್ನ ಬೆರಳುಗಳಿಗೆ ಎರಡನೆಯ ಮಹಡಿ ದಾಟಲು ಆಗಿಲ್ಲ. ನೀವು ಹತ್ತೊಂಬತ್ತು ವರ್ಷ, ಹದಿನಾಲ್ಕು ಮಷೀನುಗಳನ್ನು, ಬಾಗಿಲು ತೆರೆಯುವ ಮೊದಲು ಒಬ್ಬರೇ ನಿಂತು ಆಡಿ ಪರೀಕ್ಷಿಸುತ್ತಿದ್ದಿರಿ. ನಮಗೆ ಒಂದು ಮಾತೂ ಹೇಳಲಿಲ್ಲ. "ಅಮ್ಮ ಚಿಲ್ಲರೆ ಕೊಡ್ತಿದ್ಲು ಅಷ್ಟೇ ಅಂದ್ಕೊಂಡಿದ್ದೆ" ಎಂದ ನಿಮ್ಮ ಮಗ ಆ ಪುಸ್ತಕವನ್ನು ಮೊದಲ ಪುಟದಿಂದ ಮತ್ತೆ ಓದತೊಡಗಿದರು. ನನಗೆ ನಿಮ್ಮ ಮೇಲೆ ಎಲ್ಲಿಲ್ಲದ ಅಕ್ಕರೆ ಬಂತು. ಆ ಕತ್ತಲೆ ಅಂಗಡಿಯಲ್ಲಿ ಸೆರಗು ಸಿಕ್ಕಿಸಿಕೊಂಡು ಬೆಕ್ಕು ಇಳಿಸುತ್ತಿದ್ದ ನಿಮ್ಮನ್ನು ಒಂದು ಸಲವಾದರೂ ನೋಡಬೇಕಿತ್ತು ಅನ್ನಿಸಿತು.

ಮೂರನೆಯ ಮಹಡಿಯ ಉಪಾಯವನ್ನೂ ಬರೆದಿದ್ದೀರಿ. ಆದರೆ "ಬೆಂಕಿ ಬಂದ ಕೂಡಲೇ ಏಣಿ ಬಿಟ್ಟು" ಎಂಬಲ್ಲಿಂದ ಮುಂದಕ್ಕೆ ಹುಳು ತಿಂದಿದೆ. ಏಣಿ ಬಿಟ್ಟು ಏನು ಮಾಡಬೇಕು? ನಿಮ್ಮ ಮಗ ಹಾರುತ್ತಾರೆ, ಸಾಯುತ್ತಾರೆ. ಗಿಲಕಿ ಸುಮ್ಮನೆ ನಿಲ್ಲುತ್ತಾಳೆ, ಅವಳೂ ಸಾಯುತ್ತಾಳೆ. ಬೆಕ್ಕುಗಳ ಗತಿ ಹೇಳುವುದೇ ಬೇಡ. "ಫೋನಲ್ಲಿ ಕೇಳ್ಬೇಡಮ್ಮಾ, ಅಜ್ಜಿ ಬಂದೇ ತೋರಿಸ್ಲಿ" ಎಂದು ಅವಳ ಆಜ್ಞೆಯಾಗಿದೆ.

ನಾದಿನಿಗೂ ಅವರ ಯಜಮಾನರಿಗೂ ನನ್ನ ನಮಸ್ಕಾರ ತಿಳಿಸಿ. ಗಿಲಕಿಯ ಮುತ್ತುಗಳನ್ನು ಲೆಕ್ಕವಿಲ್ಲದೆ ಕಳಿಸಿದ್ದೇನೆ. ಮುಂದಿನ ಶನಿವಾರ ನಿಮ್ಮ ಮಗನಿಗೆ ರಜೆ, ಕರೆದುಕೊಂಡು ಬರಲು ಬರುತ್ತಾರೆ. ಆರೋಗ್ಯ ನೋಡಿಕೊಳ್ಳಿ.

ನಿಮ್ಮ ಆಶೀರ್ವಾದ ಬೇಡುವ,
ನಿಮ್ಮ ಸೊಸೆ

ತಾ.ಕ.: ಕವರು ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ನೀವು ಯಾಕೆ ಹೋದಿರೆಂದು ನಿಮ್ಮ ಮಗ ಕೇಳಿದಾಗಲೆಲ್ಲ ನನಗೇನು ಗೊತ್ತು ಎನ್ನುತ್ತಿದ್ದೆ. ಗೊತ್ತಿತ್ತು. ಪಕ್ಕದ ಮನೆಯವರಿಗೆ ಹೊಸ ವಾಷಿಂಗ್ ಮಷೀನು ತೋರಿಸುತ್ತ, "ಅತ್ತೆಗೆ ಇದನ್ನ ಮುಟ್ಟೋಕೂ ಬಿಡಲ್ಲ, ಏನಾದ್ರೂ ಒತ್ತಿ ಕೆಡಿಸಿಬಿಡ್ತಾರೆ" ಎಂದು ನಕ್ಕೆ. ತಿರುಗಿ ನೋಡಿದರೆ ನೀವು ಒಗೆಯುವ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಿರಿ. ಬಟ್ಟೆಯನ್ನು ಅಲ್ಲೇ ಇಟ್ಟು ಹೋದಿರಿ. ಮರುದಿನ ಬ್ಯಾಗು ತುಂಬಿದಿರಿ. ಇವತ್ತು ಬೆಳಿಗ್ಗೆ ನಿಮ್ಮ ಮಗನಿಗೂ ಹೇಳಿಬಿಟ್ಟೆ. ಪುಸ್ತಕ ಓದಿದ ಮೇಲೆ ನಾಚಿಕೆಯಾಯಿತು ಎಂದು ಬರೆಯಬಹುದಿತ್ತು, ಅದು ಸುಳ್ಳು. ನಾಚಿಕೆ ಆವತ್ತೇ ಆಗಿತ್ತು, ಬಾಯಿ ಬರಲಿಲ್ಲ. ನಿಮಗೆ ಒಂದು ಗುಂಡಿ ಒತ್ತಲೂ ಬಾರದೇ ಇದ್ದಿದ್ದರೂ ನಾನು ಹಾಗೆ ಹೇಳಬಾರದಿತ್ತು. ತಪ್ಪಾಯಿತು ಅತ್ತೆ. ಮನೆಗೆ ಬನ್ನಿ.