ನಕ್ಷೆಯ ಮೇಲಿನ ನಲವತ್ತು ಕಿಲೋಮೀಟರ್

ಸೊಸೆಗೆ, ಮಾವನು ಅವಸರದಲ್ಲಿ ಬರೆದದ್ದು.

ನಿನ್ನೆ ನೀನು ಹೇಳಿದ್ದೇ ಸರಿ. ಇದನ್ನು ಇನ್ನೊಮ್ಮೆ ಬರೆಯುವುದಿಲ್ಲ. ನಿನ್ನ ಅತ್ತೆ ಇಂದು ಹತ್ತು ಗಂಟೆಗೆ ಇಳಿಯುವ ಹಳೆಯ ವಿಮಾನ ನಿಲ್ದಾಣಕ್ಕೂ, ಮಗಳ ಹೆರಿಗೆಗೆಂದು ಒಂದು ಗಂಟೆಗೆ ವಿಮಾನ ಹತ್ತಬೇಕಾದ ಹೊಸ ನಿಲ್ದಾಣಕ್ಕೂ ನಡುವೆ ನಕ್ಷೆಯಲ್ಲಿ ಅಳತೆಪಟ್ಟಿಯಿಟ್ಟು, ನಲವತ್ತೇ ಕಿಲೋಮೀಟರ್ ಎಂದು ಟಿಕೆಟ್ ತೆಗೆಸಿದವನು ನಾನೇ. ಈ ಬೆಳಿಗ್ಗೆ ನಿನ್ನ ಹೊಲಿಗೆ ಡಬ್ಬಿಯ ದಾರವನ್ನು ನಕ್ಷೆಯಲ್ಲಿನ ರಸ್ತೆಯ ಗುಂಟ ಹಿಡಿದು ಅಳೆದೆ. ತೊಂಬತ್ತಾರು ಬಂತು; ಎರಡು ಗಂಟೆಯ ದಾರಿ. ಮೂವತ್ತು ವರ್ಷ ಭೂಗೋಳ ಕಲಿಸಿದವನ ಕಣ್ಣಿಗೆ ನಡುವಿನ ಸರೋವರ ಬೀಳಲಿಲ್ಲ. ನಗಬೇಡ.

ಕಾರು ತೆಗೆದುಕೊಂಡು ನಾನೇ ಹೊರಟಿದ್ದೇನೆ. ಅವಳು ಇಳಿದೊಡನೆ ಫೋನ್ ಮಾಡಿ, "ಅತ್ತೆ, ಮಾವ ಬಾಗಿಲಲ್ಲೇ ಕಾಯ್ತಿದ್ದಾರೆ, ಬೇಗ ಬನ್ನಿ" ಎನ್ನು. ಪಕ್ಕದ ಸೀಟಿನವರ ಸಂಸಾರವನ್ನೆಲ್ಲ ಕೇಳಿ ಮುಗಿಸದೆ ಅವಳು ಕದಲುವವಳಲ್ಲ.

ಹಾಲು ಉಕ್ಕಿದೆ. ಅದೂ ಅಳತೆಯ ಭರದಲ್ಲಿ ಆದದ್ದು.

ಮುಖ್ಯವಾದ ಮಾತು: ಗೋಡೆಯ ನಕ್ಷೆಯಲ್ಲಿ ಸರೋವರದ ಮೇಲೆಯೇ ನಾನು ನೆಟ್ಟಗೆ ಎಳೆದಿರುವ ಪೆನ್ಸಿಲ್ ಗೆರೆಯನ್ನು ಇಂದೇ ಅಳಿಸಿಬಿಡು. ಮೊಮ್ಮಗುವಿನ ಮುಖ ನೋಡಿದರೆ ಅವಳು ಈ ಓಡಾಟವನ್ನೆಲ್ಲ ಮರೆತಾಳು. ಆ ಗೆರೆ ಕಂಡರೆ ಮಾತ್ರ, "ನಾನೇನು ಈಜಿಕೊಂಡು ಹೋಗ್ಬೇಕಿತ್ತಾ?" ಎಂದು ನನ್ನ ಆಯುಷ್ಯವಿಡೀ ಕೇಳುತ್ತಾಳೆ.