ಹಿತ್ತಿಲ ತೊಟ್ಟಿಯ ಮೀನುಗಳು

೩ ಮೇ ೧೯೭೯, ಗುರುವಾರ
ಬಸದಿಗೆ ಹೋಗಿ ಬಂದೆ. ಮನೆತುಂಬ ಮೀನಿನ ನಾತ. ಅಣ್ಣನ ಮಗಳು ಪದ್ಮಲತಾ ಕೆರೆಯಿಂದ ಗೆಂಡೆ ಮೀನು ಹಿಡಿಸಿ ತಂದು ಹಿತ್ತಿಲಲ್ಲಿ ಎರಡು ತೊಟ್ಟಿಗೆ ಬಿಟ್ಟಿದ್ದಾಳೆ. ಒಂದಕ್ಕೆ ಜಾವಗಲ್ ಅಂಗಡಿಯ ಮೈಲುತುತ್ತ ಒಂದು ಚಿಟಿಕೆ, ಆಲೂಗಡ್ಡೆಗೆ ಹೊಡೆಯುವ ಅದೇ ವಿಷ. ಇನ್ನೊಂದಕ್ಕೆ ಬರೀ ನೀರು. ಮೂರು ವಾರದ ಮೇಲೆ ಎರಡರ ರಕ್ತ ತೆಗೆದು ಹೋಲಿಸಿದರೆ ಮೈಸೂರಿನಲ್ಲಿ ಎಂ.ಎಸ್ಸಿ. ಪಾಸಂತೆ. ಜೈನರ ಮನೆ ಹುಡುಗಿ!
"ಕೊಲೆ ಕಣೇ ಇದು."
"ಹೊಲದ ವಿಷ ಕೆರೆಗೆ ಇಳೀತಿದೆಯಲ್ಲ ಅತ್ತೆ, ಅದು ಕೊಲೆ ಅಲ್ವಾ?"
ಬಾಯಿ ಥೇಟ್ ಅವರಮ್ಮನದು.

೬ ಮೇ, ಭಾನುವಾರ
ಬರೀ ನೀರಿನ ತೊಟ್ಟಿಗೆ ದಿನಾ ನೀರು ಬದಲಿಸುವ ಕೆಲಸ ನನಗೆ. ಬಾವಿಯಿಂದ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೇರ ಸುರಿಯಬೇಕಂತೆ. ಸೋಸದ ನೀರು! ಹೂಂ ಅಂದೆ. ಬಟ್ಟೆಯಲ್ಲಿ ಸೋಸಿ, ಅಭಿಷೇಕದ ತಾಮ್ರದ ಕೊಡಗಳಲ್ಲಿ ರಾತ್ರಿಯಿಡೀ ಇಟ್ಟು ಹಾಕುತ್ತಿದ್ದೇನೆ. ಮೂರು ಕೊಡ. ಆ ಹನ್ನೆರಡು ಜೀವವಾದರೂ ಶುದ್ಧ ನೀರಿನಲ್ಲಿರಲಿ. ಅವಳಿಗೆ ಯಾಕೆ ಹೇಳಬೇಕು?

೧೨ ಮೇ
ಮೂರು ಕೊಡ. ಅವಳ ಜೊತೆ ಮಾತಿಲ್ಲ.

೧೯ ಮೇ, ಶನಿವಾರ
ನನ್ನ ತೊಟ್ಟಿಯಲ್ಲೇ ಐದು ಸತ್ತವು. ಉಳಿದವು ಮೇಲೆ ಬಂದು ಬಾಯಿ ಬಿಡುತ್ತಿವೆ. ಪದ್ಮಲತಾ ಸೂಜಿ ಚುಚ್ಚಿ ನೋಡಿದಳು — ರಕ್ತ ನೀರಾಗಿದೆಯಂತೆ. ಮುಸುರೆ ತಿಕ್ಕುವ ಮಾರಮ್ಮನ ಮೇಲೆ ಹರಿಹಾಯ್ದಳು.
"ನೀನೇ ಮೈಲುತುತ್ತ ಚೆಲ್ಲಿದೀಯ!"
"ನಿಮ್ ಮೀನು ಮುಟ್ಟಿದ್ರೆ ನನ್ ಕೈ ಬಿದ್ದೋಗ್ಲಿ ಕಣವ್ವ. ಸಾರಿಗೂ ಬರದ ಮೀನು, ನಂಗ್ಯಾಕೆ?"
ನಾಳೆಯಿಂದ ಬರಬೇಡ ಅಂದಳು. ನನ್ನ ಮನೆಯ ಆಳನ್ನು ಬಿಡಿಸಲು ಇವಳ್ಯಾರು? ಆಳು ಕೆಡಿಸಿದಳು ಅಂತ ಮೈಸೂರಿನ ಮೇಷ್ಟರಿಗೆ ಕಾಗದವೂ ಹೋಯಿತು. ನನ್ನನ್ನೂ ದುರುಗುಟ್ಟಿ ನೋಡಿದಳು. ಜಿನನಾಣೆ, ಆ ವಿಷ ಮುಟ್ಟಿಲ್ಲ ಅಂದೆ. ನಿಜ ತಾನೇ?

೨೧ ಮೇ, ಸೋಮವಾರ, ಬೆಳಿಗ್ಗೆ
ಕೊಡ ಬಗ್ಗಿಸುವಾಗ ನೋಡಿಬಿಟ್ಟಳು. ಮೊದಲು ನಕ್ಕಳು. ಆಮೇಲೆ ಅತ್ತಳು.
"ಮೈಲುತುತ್ತದಲ್ಲಿ ಇರೋದೂ ತಾಮ್ರಾನೇ ಅತ್ತೆ! ದಿನಾ ಅದನ್ನೇ ಹಾಕಿದೀರ."
"ನಾವು ಕುಡಿದು ಸತ್ತಿದೀವೇನೇ?"
"ನಾವು ಕುಡೀತೀವಿ. ಅವು ಅದರಲ್ಲೇ ಉಸಿರಾಡ್ತವೆ."
ಇವತ್ತಿಗೆ ಸತ್ತದ್ದು ಒಂಬತ್ತು. ನನ್ನ ಕೈಯಿಂದ. ಒಂಬತ್ತು ದಿನ ಉಪವಾಸ ಹಿಡಿದೆ.

ಅದೇ ದಿನ, ಸಂಜೆ
ಹತ್ತಿರ ಮೂರು ವಾರದ ಕೆಲಸ ಮಣ್ಣುಪಾಲು. ಆದರೂ ಬಿಡಳು. ಯಾವ ದಿನ ಎಷ್ಟು ಕೊಡ ಅಂತ ಸಿಕ್ಕರೆ ತಾಮ್ರದ ಕೊಡ ಮೀನು ಕೊಂದದ್ದನ್ನೇ ಬರೆದು ಪಾಸಾಗುತ್ತಾಳಂತೆ.
"ದಿನಾ ಬರೀತೀರಲ್ಲ, ಆ ಪುಸ್ತಕ ಕೊಡಿ."
ಕೊಟ್ಟರೆ ಅವಳ ಮೇಲೆ, ಅವರಮ್ಮನ ಮೇಲೆ ಬರೆದದ್ದೆಲ್ಲ ಓದುತ್ತಾಳೆ. ಹರಿಯೋಣವೆಂದರೆ ಕೊಡಗಳ ಲೆಕ್ಕವೂ ಅದೇ ಹಾಳೆಯಲ್ಲಿ. ಬಾಗಿಲು ಬಡಿಯುತ್ತಿದ್ದಾಳೆ.
ಓದು ಕಣೇ. ಒಂದಕ್ಷರವೂ ಹೊಡೆದುಹಾಕುವುದಿಲ್ಲ. ಸತ್ತ ಒಂಬತ್ತನ್ನೂ ನನ್ನ ಹೆಸರಿಗೇ ಬರೆ. ಮಾರಮ್ಮ ಅಂತ ಇನ್ನೊಂದು ಸಲ ಬರೆದೆಯೋ —